ಹನ್ನೊಂದು ಹಾಳೆಗಳು

ನನ್ನ ತಮ್ಮ ಅಂಗಡಿಯ ಬಾಗಿಲಲ್ಲಿ ಕಂಡರೆ ನನಗೆ ಮೊದಲು ಸಿಟ್ಟು ಬರುತ್ತದೆ, ಪ್ರೀತಿ ಆಮೇಲೆ. ಆವತ್ತೂ ಹಾಗೇ ಆಯಿತು. ನಾನು ಗಾಜು ಕತ್ತರಿಸುತ್ತಿದ್ದ ಮೇಜಿನ ಮೇಲೇ ದೊಡ್ಡದೊಂದು ರಟ್ಟಿನ ಕಡತ ಇಟ್ಟು, ಏದುಸಿರು ಬಿಡುತ್ತಾ, "ಅಕ್ಕ, ಶುಕ್ರವಾರದೊಳಗೆ ಹನ್ನೊಂದು ಚಿತ್ರಕ್ಕೆ ಕಟ್ಟು ಹಾಕಿಕೊಡು" ಎಂದ.

"ಇವತ್ತು ಮಂಗಳವಾರ ಕಣೋ. ತಲೆ ನೆಟ್ಟಗಿದೆಯಾ ನಿಂಗೆ?"

"ಆಯ್ಕೆ ಆಯ್ತು ಅಕ್ಕ."

ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟೆ. ನಾಲ್ಕು ವರ್ಷದಿಂದ ನಮ್ಮ ಮನೆ ಈ ಒಂದು ಮಾತಿಗಾಗಿ ಕಾದಿತ್ತು. ಹೊಸ ಕಲಾವಿದರಿಗೆಂದೇ ವರ್ಷಕ್ಕೊಮ್ಮೆ ನಡೆಯುವ ಆ ಪ್ರದರ್ಶನಕ್ಕೆ ಪ್ರತಿ ಸಲ ಅರ್ಜಿ ಹಾಕುವುದು, ಪ್ರತಿ ಸಲ ಮುಖ ಸಪ್ಪೆ ಮಾಡಿಕೊಂಡು ಬಂದು ಮೂರು ದಿನ ಊಟ ಬಿಡುವುದು. ಅವನೂ ಅವನ ಜೊತೆ ಓದಿದ ಗಡ್ಡದವನೂ ಸೇರಿ ಟೈರ್ ಅಂಗಡಿಯ ಮೇಲೊಂದು ಕೋಣೆ ಹಿಡಿದಿದ್ದರು. ಗಡ್ಡದವನು ಮುರಿದ ಛತ್ರಿಗಳ ಕಡ್ಡಿ ಸೇರಿಸಿ ಹಕ್ಕಿ ಮಾಡುತ್ತಿದ್ದ. ನನ್ನ ತಮ್ಮ ಒಂದು ವರ್ಷ ಬಟ್ಟೆ ಸುಟ್ಟ, ಒಂದು ವರ್ಷ ತಗಡಿಗೆ ತುಕ್ಕು ಹಿಡಿಸಿದ, ಇನ್ನೊಂದು ವರ್ಷ ಬರೀ ಕಪ್ಪು ಬಳಿದ. ಕೇಳಿದರೆ, "ಹೊಸ ದಾರಿ ಹುಡುಕ್ತಿದೀನಿ" ಎನ್ನುತ್ತಿದ್ದ. ಅಪ್ಪ ನಗುತ್ತಿದ್ದರು: "ಹುಡುಕು ಹುಡುಕು, ಮನೆ ದಾರಿ ಮಾತ್ರ ಮರೀಬೇಡ ಮಹಾರಾಯ."

ಮೂರನೆಯ ವರ್ಷ ತೀರ್ಪುಗಾರರೊಬ್ಬರು ಅವನ ಅರ್ಜಿಯ ಮೇಲೆ ಒಂದೇ ಸಾಲು ಬರೆದು ವಾಪಸು ಕಳಿಸಿದ್ದರು: 'ಕೈ ಪಳಗಿದೆ, ಹೇಳಲು ಏನೂ ಇಲ್ಲ.' ಆ ಚೀಟಿಯನ್ನು ಇವನು ಕೋಣೆಯ ಗೋಡೆಗೆ, ಎದ್ದ ಕೂಡಲೇ ಕಣ್ಣಿಗೆ ಬೀಳುವ ಹಾಗೆ ಅಂಟಿಸಿಕೊಂಡ. ಗಾಯವನ್ನು ಕೆರೆದುಕೊಳ್ಳುವುದು ಅವನಿಗೆ ಚಿಕ್ಕಂದಿನಿಂದಲೂ ಅಭ್ಯಾಸ.

"ಯಾವ ಚಿತ್ರಗಳೋ?" ಎಂದೆ.

"ಅಪ್ಪಂದು." ಅಷ್ಟು ಹೇಳಿ ಬಾಗಿಲ ಕಡೆ ತಿರುಗಿದವನು ಮತ್ತೆ ನಿಂತ. "ಕೆಳಗಿನ ಅಂಚು ಮುಚ್ಚಬೇಡ. ಸಮಯ ಕಾಣ್ಬೇಕು. ಮೇಡಂ ಅದನ್ನೇ ಒತ್ತಿ ಒತ್ತಿ ಹೇಳಿದಾರೆ."

ಮೇಡಂ ಅಂದರೆ ಆ ಪ್ರದರ್ಶನಕ್ಕೆ ಯಾರು ಬೇಕು, ಯಾರು ಬೇಡ ಎಂದು ಆರಿಸುವ ಹೆಂಗಸು. ಸಮಯ ಅಂದರೆ ಇವನ ಒಂದು ಚಟ. ಹಾಳೆ ಮುಗಿದ ಕೂಡಲೇ ಕೆಳಗೆ ತಾರೀಖು, ಗಂಟೆ, ನಿಮಿಷ ಬರೆಯುತ್ತಾನೆ. ಕಾಲೇಜಿನ ಮೇಷ್ಟ್ರು ಹತ್ತಿಸಿದ್ದು. ಕೈ ತಾನಾಗಿ ಬರೆದುಬಿಡುತ್ತದೆ, ಅವನಿಗೆ ಅದರ ಗಮನವೂ ಇರುವುದಿಲ್ಲ.

ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಚಿತ್ರಕ್ಕೂ ಅದರ ಕಟ್ಟಿಗೂ ನಡುವೆ ದಪ್ಪನೆಯ ಬಿಳಿ ರಟ್ಟೊಂದು ಕೂರುತ್ತದೆ, ಮೌಂಟ್ ಎನ್ನುತ್ತೇವೆ. ಅದರ ನಡುವೆ ಕಿಟಕಿ ಕೊಯ್ದು ಚಿತ್ರದ ಮೇಲೆ ಇಡುವುದು. ಕಿಟಕಿ ಎಷ್ಟು ದೊಡ್ಡದಿರಬೇಕು, ಏನು ಕಾಣಬೇಕು, ಏನು ಮುಚ್ಚಬೇಕು ಎಂದು ನೋಡುವವಳು ನಾನು. ಹದಿನಾಲ್ಕು ವರ್ಷದಿಂದ ಅದೇ ಕೆಲಸ. ಎಷ್ಟೋ ಮದುವೆ ಫೋಟೋಗಳ ಅಂಚಿನಲ್ಲಿ ನಿಂತ ಬೇಡದ ನೆಂಟರನ್ನು ಆ ರಟ್ಟಿನ ಕೆಳಗೆ ಹಾಕಿದ್ದೇನೆ, ಯಾರೂ ಕೇಳಿಲ್ಲ.

ಮಾರನೆಯ ದಿನ ಅಂಗಡಿಯ ಯಜಮಾನರು ಬರುವ ಮೊದಲೇ ಬಾಗಿಲು ತೆರೆದು ಕಡತ ಬಿಚ್ಚಿದೆ. ಅಪ್ಪ ಕಂಡರು. ದಿಂಬಿಗೆ ಒರಗಿ, ಮೂಗಿಗೆ ನಳಿಗೆ ಹಾಕಿಕೊಂಡು, ನಮ್ಮ ಹೊರಗಿನ ಕೋಣೆಯ ಮಂಚದ ಮೇಲೆ ಕೂತ ಅಪ್ಪ. ಅವರು ಮನೆಗಳಿಗೆ ಬಣ್ಣ ಬಳಿಯುವವರು. ನಲವತ್ತು ವರ್ಷ ಮೂಗಿಗೊಂದು ಬಟ್ಟೆ ಕಟ್ಟದೆ ಹಳೇ ಗೋಡೆಗಳನ್ನು ಉಜ್ಜಿ ಉಜ್ಜಿ ಎದೆಗೂಡು ಧೂಳಿನ ಚೀಲವಾಗಿತ್ತು. ಕೊನೆಯ ಒಂದು ವರ್ಷ ಆಮ್ಲಜನಕದ ಯಂತ್ರವೇ ಗತಿ. ಸುಮ್ಮನೆ ಕೂತು ಅಭ್ಯಾಸವಿಲ್ಲದ ಮನುಷ್ಯನಿಗೆ ಆಗ ಸಿಕ್ಕಿದ್ದು ಒಂದೇ ಕೆಲಸ: ದಿನಾ ಮಧ್ಯಾಹ್ನ ಮಗನ ಎದುರು ಅಲ್ಲಾಡದೆ ಕೂರುವುದು. "ನಿಮ್ಮಪ್ಪನಿಗೆ ಕೊನೆಗೂ ಕೂತು ಮಾಡೋ ಉದ್ಯೋಗ ಸಿಕ್ತು ನೋಡೇ" ಎಂದು ನನಗೆ ಹೇಳಿ ಕೆಮ್ಮುತ್ತಾ ನಗುತ್ತಿದ್ದರು.

ಹಾಳೆಗಳು ಚೆನ್ನಾಗಿದ್ದವು. ಸುಳ್ಳು ಯಾಕೆ ಹೇಳಲಿ? ಸುಟ್ಟ ಬಟ್ಟೆ, ತುಕ್ಕು ತಗಡು ಎಲ್ಲವನ್ನೂ ಒಂದು ಕಡೆ ಇಟ್ಟು ಇವುಗಳಲ್ಲಿ ಒಂದೇ ಒಂದು ಹಾಳೆಯನ್ನು ಇನ್ನೊಂದು ಕಡೆ ಇಡಬಹುದಿತ್ತು. ಪೆನ್ಸಿಲ್ಲು, ಮೇಲೆ ತೆಳುವಾಗಿ ನೀರುಬಣ್ಣ. ಉಸಿರಿಗಾಗಿ ಅಪ್ಪ ಭುಜ ಎತ್ತುತ್ತಿದ್ದ ರೀತಿ ಕೂಡ ಅದರಲ್ಲಿತ್ತು. ನನಗೆ ಅಳು ಬಂತು. ಕಣ್ಣೀರು ಹಾಳೆಯ ಮೇಲೆ ಬಿದ್ದೀತೆಂದು ಹಿಂದೆ ಸರಿದು ಮೂಗೊರೆಸಿಕೊಂಡೆ.

ಆಮೇಲೆ ಕೆಲಸಕ್ಕೆ ಕೈ ಹಚ್ಚಿದೆ. ಸಾಲಾಗಿ ತೂಗುಹಾಕುವ ಚಿತ್ರಗಳಾದರೆ ಹಿಂಬದಿಗೆ ಒಂದರಿಂದ ನಂಬರು ಬರೆಯಬೇಕು, ಇಲ್ಲದಿದ್ದರೆ ಅಲ್ಲಿ ಹೋಗಿ ಗೊಂದಲವಾಗುತ್ತದೆ. ಕ್ರಮ ತಿಳಿಯಲು ಕೆಳಗಿನ ಸಮಯ ನೋಡಿದೆ. ಹನ್ನೊಂದಕ್ಕೂ ಒಂದೇ ತಾರೀಖು. ಆ ತಾರೀಖು ನಮ್ಮ ಮನೆಯಲ್ಲಿ ಯಾರೂ ಮರೆಯುವಂಥದ್ದಲ್ಲ. ಅಪ್ಪ ಹೋದ ದಿನ.

ಮೊದಲನೆಯದು ಮಧ್ಯಾಹ್ನ 2.52. ಎರಡು, 2.56. ಮೂರು, ಮೂರು ಗಂಟೆ. ನಾಲ್ಕನೆಯದು 3.04, ಅದರಲ್ಲಿ ಅಪ್ಪನ ತುಟಿಗೆ ನೀಲಿ ಬಂದಿದೆ. ಐದರಲ್ಲಿ ಉಗುರುಗಳೂ ನೀಲಿ. ಎಂಟು, 3.21: ಅಪ್ಪ ಬಲಗೈ ಎತ್ತಿದ್ದಾರೆ, ಬಾಯಿ ಅರೆ ತೆರೆದಿದೆ, ಕಣ್ಣು ನೇರವಾಗಿ ಬರೆಯುವವನನ್ನೇ ನೋಡುತ್ತಿದೆ. ಒಂಬತ್ತರಲ್ಲಿ ಕೈ ಇಳಿದಿದೆ. ಹನ್ನೊಂದು, 3.39. ಅದರಲ್ಲಿ ಅಪ್ಪ ಇಲ್ಲ, ಅವರ ಮೈ ಇದೆ.

ಮತ್ತೆ ಮೊದಲನೆಯದರಿಂದ ಸಮಯ ಓದಿದೆ.

ಆ ದಿನ ಏನಾಯಿತು ಅಂತ ನಮಗೆಲ್ಲ ಗೊತ್ತಿದ್ದದ್ದು ಹೀಗೆ. ಮೂರು ರಾತ್ರಿ ರೆಪ್ಪೆ ಮುಚ್ಚದ ಅಮ್ಮನಿಗೆ ತಮ್ಮ, "ನೀನು ಒಂದರ್ಧ ಗಂಟೆ ಮಲಕ್ಕೋ ಅಮ್ಮ, ನಾನಿದೀನಲ್ಲ" ಎಂದ. ಅಮ್ಮ ಒಳಗಿನ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಮಲಗಿದಳು. ಇವನು ಅಪ್ಪನ ಪಕ್ಕ ಕೂತಲ್ಲೇ ತೂಕಡಿಸಿಬಿಟ್ಟ. ಎಚ್ಚರವಾಗಿ ನೋಡಿದರೆ ಎಲ್ಲ ಮುಗಿದುಹೋಗಿತ್ತು. ಮೂರೂ ಮುಕ್ಕಾಲಿಗೆ ನನಗೆ ಫೋನು ಬಂತು. ಇದನ್ನು ಹೇಳಿದವನು ಅವನೇ, ನಂಬಿದವರು ನಾವು.

ಡಾಕ್ಟರು ನಮ್ಮ ಮೂವರನ್ನೂ ಎದುರು ನಿಲ್ಲಿಸಿಕೊಂಡು ಹೇಳಿದ್ದರು: ತುಟಿ, ಉಗುರು ನೀಲಿಗೆ ತಿರುಗಿದರೆ ಒಂದು ನಿಮಿಷವೂ ಕಾಯಬೇಡಿ, ಆಂಬುಲೆನ್ಸ್ ಕರೀರಿ. ಆಸ್ಪತ್ರೆ ನಮ್ಮ ಮನೆಯಿಂದ ಎಂಟು ನಿಮಿಷದ ದಾರಿ.

ಅಪ್ಪ ಹೋದ ಮೇಲೆ ಎಂಟು ತಿಂಗಳಾಯಿತು, ಅಮ್ಮ ಮಲಗುವುದನ್ನೇ ಬಿಟ್ಟಿದ್ದಾಳೆ. ಹಾಸಿಗೆಗೆ ಬೆನ್ನು ತಾಗಿಸುವುದಿಲ್ಲ. ಕುರ್ಚಿಯಲ್ಲಿ ಕೂತು, ಕಣ್ಣು ಎಳೆದರೆ ತೋಳು ಚಿವುಟಿಕೊಳ್ಳುತ್ತಾಳೆ. ಎಡದ ತೋಳೆಲ್ಲ ಕಪ್ಪು ನೀಲಿ ಗುರುತು. ಮನೆಗೆ ಯಾರು ಬಂದರೂ, ಹಾಲಿನವನು ಬಂದರೂ, ಅವಳದು ಒಂದೇ ಮಾತು: "ನಾನು ಮಲಗಿಬಿಟ್ಟೆ. ಅವರು ಅಲ್ಲಿ ಉಸಿರಿಗೆ ಒದ್ದಾಡ್ತಿದ್ರು, ನಾನು ಇಲ್ಲಿ ಹೆಣದ ಥರ ಮಲಗಿಬಿಟ್ಟೆ." ನನ್ನ ತಮ್ಮ ಆ ಮಾತು ಕೇಳುತ್ತಲೇ ತಟ್ಟೆಯಲ್ಲಿದ್ದದ್ದನ್ನು ತಿಂದು ಕೈತೊಳೆದು ಹೋಗುತ್ತಿದ್ದ. ಪಾಪ, ದುಃಖ ನುಂಗಿಕೊಳ್ಳುತ್ತಾನೆ ಎಂದುಕೊಂಡಿದ್ದೆ ನಾನು. ಎಂಥಾ ಪೆದ್ದಿ!

ಅಂಗಡಿಗೆ ಬೀಗ ಹಾಕಿ ನೇರ ಟೈರ್ ಅಂಗಡಿಯ ಮೇಲಕ್ಕೆ ಹೋದೆ. ಕೆಳಗೆ ಗಾಳಿ ತುಂಬುವ ಯಂತ್ರ ಗಡಗಡ ಎನ್ನುತ್ತಿತ್ತು. ಕೋಣೆಯೆಲ್ಲ ರಬ್ಬರಿನ ವಾಸನೆ. ನನ್ನ ಮುಖ ನೋಡಿದ್ದೇ ತಡ, ಗಡ್ಡದವನು ಕೈಯಲ್ಲಿದ್ದ ಛತ್ರಿ ಕಡ್ಡಿಯ ಸಮೇತ ಮೆಟ್ಟಿಲಿಳಿದು ಓಡಿದ.

"ನೀನು ತೂಕಡಿಸಿರಲಿಲ್ಲ," ಎಂದೆ.

ತಮ್ಮ ಕುಂಚ ತೊಳೆಯುತ್ತಿದ್ದ. ತೊಳೆಯುತ್ತಲೇ ಇದ್ದ.

"ನೀಲಿ ಕಾಣ್ಲಿಲ್ವೇನೋ ನಿನಗೆ?"

"ಕಾಣ್ತು."

"ಕಂಡು?"

"ಆ ನೀಲಿ ಯಾವ ಟ್ಯೂಬಲ್ಲೂ ಇರಲಿಲ್ಲ ಅಕ್ಕ. ಮೂರು ಸಲ ಕಲಸಿದೆ. ಕಲಸೋಷ್ಟರಲ್ಲಿ ಮತ್ತೆ ಬದಲಾಗ್ತಿತ್ತು. ಇದೊಂದು ಹಾಳೆ ಹಿಡ್ಕೊಂಬಿಡ್ತೀನಿ, ಆಮೇಲೆ ಫೋನ್ ಮಾಡ್ತೀನಿ ಅಂದ್ಕೊಂಡೆ. ಆಮೇಲೆ ಇನ್ನೊಂದು." ಅವನ ಸ್ವರ ಪಾಠ ಒಪ್ಪಿಸುವ ಹಾಗಿತ್ತು. "ನಾಲ್ಕು ವರ್ಷದಲ್ಲಿ ಮೊದಲನೇ ಸಲ ಕೈ ತಾನಾಗಿ ಹೋಗ್ತಿತ್ತು. ನಾನು ಅಲ್ಲಿ ಇರಲೇ ಇಲ್ಲ ಅಕ್ಕ."

"ಅಪ್ಪ ಇದ್ರಲ್ಲೋ ಅಲ್ಲಿ!"

ಅವನು ಕುಂಚವನ್ನು ಮತ್ತೆ ನೀರಿಗೆ ಅದ್ದಿದ. ನಾನು ಎಂಟನೆಯ ಹಾಳೆಯ ಬಗ್ಗೆ ಕೇಳಿದೆ. ಕೈ ಯಾಕೆ ಎತ್ತಿದ್ದರು ಅಪ್ಪ?

ಅವರಿಬ್ಬರ ನಡುವೆ ಒಂದು ಸನ್ನೆಯಿತ್ತಂತೆ. ಕೂತು ಕೂತು ಸೊಂಟ ನೊಂದರೆ, ಬಾಯಾರಿದರೆ, ಅಪ್ಪ ಎರಡು ಬೆರಳು ಎತ್ತುವುದು. ಇವನು "ಇನ್ನೊಂದೇ ನಿಮಿಷ ಅಪ್ಪ" ಎನ್ನುವುದು. ಅಪ್ಪ ಕೈ ಇಳಿಸಿ ಮತ್ತೆ ಕಲ್ಲಿನಂತೆ ಕೂರುವುದು. ವರ್ಷವಿಡೀ ಹಾಗೇ ನಡೆದಿತ್ತು. ಆವತ್ತೂ ಅಪ್ಪ ಬೆರಳೆತ್ತಿದರು. ಇವನು ಹಾಳೆಯಿಂದ ತಲೆ ಎತ್ತದೆ, ಇನ್ನೊಂದೇ ನಿಮಿಷ ಎಂದ. ಅಪ್ಪ ಕೈ ಇಳಿಸಿದರು.

ನಾನು ಅವನ ಕೆನ್ನೆಗೆ ಬಾರಿಸಿದೆ. ಎರಡು ಸಲ. ಅವನು ಕೈ ಅಡ್ಡ ತರಲಿಲ್ಲ. ಇನ್ನೊಂದು ಬಾರಿಸು ಎನ್ನುವ ಹಾಗೆ ನಿಂತೇ ಇದ್ದ, ಅದನ್ನು ನೋಡಿ ನನ್ನ ಕೈ ಸೋತಿತು.

ಆಮೇಲೆ ನಾನೇ ಹೇಳಿದೆ: "ನೋಡು, ಮೌಂಟ್ ಅರ್ಧ ಇಂಚು ಜಾಸ್ತಿ ಬಿಡ್ತೀನಿ. ಸಮಯ ಅದರ ಕೆಳಗೆ ಹೋಗತ್ತೆ. ಲೋಕಕ್ಕೆ ಗೊತ್ತಾಗಲ್ಲ. ಆದ್ರೆ ನೀನು ಅಮ್ಮನಿಗೆ ಹೇಳ್ಬೇಕು, ಇವತ್ತೇ. ನಾನು ಎಚ್ಚರವಾಗಿದ್ದೆ, ತಪ್ಪು ನಂದು, ನೀನು ಮಲಗಿದ್ದಕ್ಕೆ ಅಪ್ಪ ಹೋಗಿದ್ದಲ್ಲ ಅಂತ."

"ಅಮ್ಮನಿಗೆ ಹೇಳ್ತೀನಿ. ಸಮಯ ಮುಚ್ಚಬೇಡ."

"ಯಾಕೋ?"

"ಸಮಯ ಇಲ್ದಿದ್ರೆ ಅದು ಬರೀ ಕಾಯಿಲೆ ಮುದುಕನ ಚಿತ್ರ ಅಕ್ಕ. ಅಂಥವು ಸಾವಿರ ಇವೆ. ಸಮಯ ಇರೋದ್ರಿಂದ್ಲೇ ಮೇಡಂ ತಗೊಂಡ್ರು. ಇದರ ಮೇಲೆ ಆರು ತಿಂಗಳು ದೊಡ್ಡ ಸ್ಟುಡಿಯೋ ಕೊಡ್ತಾರಂತೆ. ನನಗೆ ಇನ್ನೇನಿದೆ ಹೇಳು?" ಅಲ್ಲಿವರೆಗೂ ಒಣಗಿದ್ದ ಅವನ ಕಣ್ಣು ಆಗ ತುಂಬಿತು. "ಅಪ್ಪ ಅಂತೂ ಹೋದ್ರು. ಇದೂ ಹೋಗ್ಲಾ?"

ಥೂ, ನನಗೆ ಅವನ ಮೇಲೆ ಅಸಹ್ಯವೂ ಆಯಿತು, ಎತ್ತಿ ತಬ್ಬಿಕೊಳ್ಳಬೇಕೆಂದೂ ಅನ್ನಿಸಿತು. ಎರಡೂ ಮಾಡದೆ ಮೆಟ್ಟಿಲಿಳಿದು ಬಂದೆ.

ಕಿಟಕಿಗಳನ್ನು ಕೊಯ್ದೆ. ಹನ್ನೊಂದಕ್ಕೂ ಸಮಯ ಕಾಣುವ ಹಾಗೆ. ಒಂದು ರಟ್ಟೂ ಹಾಳು ಮಾಡದ ನಾನು ಎಂಟನೆಯದಕ್ಕೆ ಮೂರು ರಟ್ಟು ಹಾಳು ಮಾಡಿದೆ. "ಕೈಗೆ ಏನಾಗಿದೆಯಮ್ಮಾ ಇವತ್ತು?" ಎಂದರು ಯಜಮಾನರು. ನೆಗಡಿ ಎಂದೆ.

ಬುಧವಾರ ಅವನು ಅಮ್ಮನಿಗೆ ಹೇಳಲಿಲ್ಲ. ಗುರುವಾರವೂ ಇಲ್ಲ. ಗುರುವಾರ ಸಂಜೆ ಪಕ್ಕದ ಮನೆಯಾಕೆ ಬಂದಿದ್ದಳು. ಅಮ್ಮ ಮತ್ತೆ ಶುರು ಮಾಡಿದಳು, ನಾನು ಮಲಗಿಬಿಟ್ಟೆ ಎಂದು. ತಮ್ಮ ಎದುರಿಗೇ ಕೂತಿದ್ದ. ನಾನು ಅವನನ್ನು ದಿಟ್ಟಿಸಿದೆ, ಹೇಳೋ ಎಂದು ಕಣ್ಣಲ್ಲೇ ಹೇಳಿದೆ. ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟ. ಹಿಂದೆಯೇ ಹೋಗಿ ಗೇಟಿನಲ್ಲಿ ಅವನ ಅಂಗಿ ಹಿಡಿದೆ.

"ಪ್ರದರ್ಶನ ಮುಗೀಲಿ ಅಕ್ಕ. ನಿನ್ನ ಕಾಲಿಗೆ ಬೀಳ್ತೀನಿ. ಅಮ್ಮನ್ನ ಮಾತ್ರ ಅಲ್ಲಿಗೆ ಕರ್ಕೊಂಡ್ಬರಬೇಡ."

"ಅವಳ ತೋಳು ನೋಡಿದೀಯೇನೋ? ನೋಡು, ಅದೂ ನೀಲಿನೇ. ಬೇಕಾದ್ರೆ ಅದನ್ನೂ ಬರಿ!"

ಅಷ್ಟು ಕೆಟ್ಟ ಮಾತು ನಾನು ಅವನಿಗೆ ಯಾವತ್ತೂ ಆಡಿರಲಿಲ್ಲ. ಅವನು ಮುಖ ತಿರುಗಿಸಿ ಹೋದ. ನಾನು ಒಳಗೆ ಬಂದು, "ಅಮ್ಮ, ಶನಿವಾರ ಸಂಜೆ ಒಳ್ಳೇ ಬಟ್ಟೆ ಹಾಕ್ಕೊಂಡು ರೆಡಿಯಾಗಿರು. ನಿನ್ನ ಮಗನ ಚಿತ್ರ ನೋಡೋಕೆ ಹೋಗೋಣ" ಎಂದೆ. ನ್ಯಾಯಕ್ಕಾಗಿ ಹಾಗೆ ಮಾಡಿದೆ ಅಂತ ಹೇಳಿಕೊಳ್ಳಬಹುದು. ಅರ್ಧ ಅದು, ಅರ್ಧ ಸಿಟ್ಟು.

ಶನಿವಾರ ಪ್ರದರ್ಶನದ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಗಳು ಅಚ್ಚ ಬಿಳಿ. ಅಪ್ಪ ಇದ್ದಿದ್ದರೆ ಬಾಗಿಲಲ್ಲೇ ನಿಂತು ಎಷ್ಟು ಕೈ ಬಣ್ಣ ಬಳಿದಿದ್ದಾರೆ ಎಂದು ಹೇಳುತ್ತಿದ್ದರು. ನಡುಗೋಡೆ ಪೂರ್ತಿ ನನ್ನ ತಮ್ಮನಿಗೇ ಕೊಟ್ಟಿದ್ದರು. ಜನ ಒಂದೊಂದೇ ಹೆಜ್ಜೆ ಇಡುತ್ತಾ ನೋಡುತ್ತಿದ್ದರು. ಗಡ್ಡದವನು ಒಂದು ಮೂಲೆಯಲ್ಲಿ ಹೊಸ ಅಂಗಿ ಹಾಕಿಕೊಂಡು ನಿಂತಿದ್ದ, ಅವನ ಹಕ್ಕಿಗಳನ್ನು ಈ ಸಲವೂ ಯಾರೂ ಕೇಳಿರಲಿಲ್ಲ.

ತಮ್ಮ ನಮ್ಮನ್ನು ನೋಡಿದ. ಅವನ ಮುಖದ ಬಣ್ಣ ಇಳಿಯಿತು. ಅವನು ಜನರನ್ನು ಸರಿಸಿಕೊಂಡು ಬರುವಷ್ಟರಲ್ಲಿ ಮೇಡಂ ಅಮ್ಮನ ಎರಡೂ ಕೈ ಹಿಡಿದುಕೊಂಡಾಗಿತ್ತು.

"ನೀವು ಅವರ ತಾಯಿ ಅಲ್ವಾ? ಎಂಥ ಮಗನ್ನ ಹೆತ್ತಿದೀರಿ! ನಲವತ್ತೇಳು ನಿಮಿಷ ಕಣ್ಣು ಕದಲಿಸದೆ ಅಪ್ಪನ ಮುಂದೆ ಕೂತಿದಾರೆ. ಎಷ್ಟು ಜನಕ್ಕೆ ಆ ಧೈರ್ಯ ಇರತ್ತೆ ಹೇಳಿ."

"ಯಾವತ್ತು?" ಎಂದಳು ಅಮ್ಮ.

"ಕೊನೇ ದಿನ. ನೋಡಿ, ಎಲ್ಲ ಬರೆದಿದಾರೆ."

ಅಮ್ಮ ಕನ್ನಡಕ ಹಾಕಿಕೊಂಡಳು. ಮೊದಲನೆಯದರ ಮುಂದೆ ನಿಂತು ಮುಖ ನೋಡಿದಳು, ಆಮೇಲೆ ಬಗ್ಗಿ ಕೆಳಗಿನ ಬರಹ ಓದಿದಳು. ಎರಡನೆಯದು. ಮೂರನೆಯದು. ನಾಲ್ಕರ ಮುಂದೆ ತುಂಬಾ ಹೊತ್ತು ನಿಂತಳು. ಅವಳಿಗೆ ಲೆಕ್ಕ ಬರುತ್ತದೆ, ಗಡಿಯಾರ ನೋಡಲು ಬರುತ್ತದೆ, ಡಾಕ್ಟರು ಹೇಳಿದ್ದು ನಮಗಿಂತ ಚೆನ್ನಾಗಿ ನೆನಪಿದೆ. ನಾನು ಅವಳ ಹಿಂದೆಯೇ ಇದ್ದೆ. ಕೂಗಾಡಲಿ, ಅವನ ಕೊರಳಪಟ್ಟಿ ಹಿಡಿಯಲಿ ಎಂದು ಕಾಯುತ್ತಿದ್ದೆ. ಅವಳ ಎದೆಯ ಮೇಲಿನ ಭಾರ ಇಳಿಯಲಿ ಎಂದೇ ಕರೆತಂದಿದ್ದೆ ನಾನು. ಇಳಿಯುವುದು ಹೇಗಿರುತ್ತದೆ ಎಂದು ನನಗೇನು ಗೊತ್ತಿತ್ತು?

ಎಂಟನೆಯದರ ಹತ್ತಿರ ಬಂದಾಗ ತಮ್ಮ ಅವಳ ಪಕ್ಕ ಬಂದು ನಿಂತಿದ್ದ.

"ನೀನು ಎಚ್ಚರವಾಗಿದ್ದೆ," ಎಂದಳು ಅಮ್ಮ. ಅದು ಪ್ರಶ್ನೆಯಾಗಿರಲಿಲ್ಲ.

"ಹೂಂ ಅಮ್ಮ."

"ಇಲ್ಲಿ ಏನು ಕೇಳ್ತಿದಾರೆ ನಿಮ್ಮಪ್ಪ?"

"ಸಾಕು ಅಂತ ಕೈ ಎತ್ತಿದ್ರು."

"ಕೈ ಬಿಡು. ಬಾಯಿ ನೋಡು. ಏನೋ ಅಂದಿದಾರೆ. ಮೂವತ್ತೈದು ವರ್ಷ ನೋಡಿದೀನಿ ಕಣೋ ಆ ಬಾಯಿನ. ಏನಂದ್ರು?"

ತಮ್ಮ ನನ್ನ ಕಡೆ ನೋಡಿದ. ನನಗೂ ಇದು ಗೊತ್ತಿರಲಿಲ್ಲ.

"ಇವಳೆಲ್ಲಿ ಅಂದ್ರು," ಎಂದ.

ಅಪ್ಪ ಅಮ್ಮನನ್ನು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ, "ಇವಳೆಲ್ಲಿ?" ಎನ್ನುವರು. ಅಮ್ಮ ಎಲ್ಲಿದ್ದರೂ ಒಳಗಿಂದ, "ಬಂದೆ" ಎನ್ನುವಳು.

"ನನ್ನ ಕೇಳಿದ್ರಾ?"

"ಹೂಂ."

"ನೀನೇನಂದೆ?"

"ಮಲಗಿದಾಳೆ ಅಂದೆ. ಇನ್ನೊಂದೇ ನಿಮಿಷ ಅಂದೆ."

ನಮ್ಮ ಹಿಂದೆ ಯಾರೋ ಸಾಲು ಮುಂದೆ ಹೋಗಲಿ ಎಂದು ಮೆಲ್ಲಗೆ ಕೆಮ್ಮಿದರು. ಅಮ್ಮ ಸರಿಯಲಿಲ್ಲ. ಅವಳು ಅವನಿಗೆ ಹೊಡೆಯಲಿಲ್ಲ, ಬೈಯಲಿಲ್ಲ. ಅವನ ಅಂಗಿಯ ತೋಳು ಹಿಡಿದುಕೊಂಡು ಬೇಡುವವಳ ಹಾಗೆ ಎಳೆಯತೊಡಗಿದಳು.

"ಬಾಗಿಲ ಆಚೇನೇ ಇದ್ದೆನಲ್ಲೋ," ಎಂದಳು. "ಎರಡು ಹೆಜ್ಜೆ. ಕರೆದಿದ್ರೆ ಬರ್ತಿದ್ದೆನಲ್ಲೋ. ಒಂದು ಸಲ ಕರೆದಿದ್ರೆ ಬರ್ತಿದ್ದೆ."